ಪಾಠವನ್ನು ರಚಿಸುತ್ತ ಕಲಿಯುವುದು

ಓದಿದ ವಿಷಯವು ನಿಜವಾಗಿ ತಿಳಿದಿದೆಯೇ ಎಂಬುದು ಅದನ್ನು ಇನ್ನೊಬ್ಬರಿಗೆ ತಿಳಿಯಹೇಳಲು ಹೊರಟಾಗಲೇ ನಮಗೆ ಗೊತ್ತಾಗುವುದು. ಈ ಮಾತನ್ನು 1980ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಶಾಲೆಯೊಂದರಲ್ಲಿ ಇಡಿತ್ ಹರೆಲ್ ಎಂಬ ಸಂಶೋಧಕಿ ಪರೀಕ್ಷಿಸಿ ನೋಡಿದರು. ನಾಲ್ಕನೆಯ ತರಗತಿಯ ಮಕ್ಕಳು ತಮಗಿಂತ ಕಿರಿಯರಿಗಾಗಿ ಭಿನ್ನರಾಶಿಯ ಕಂಪ್ಯೂಟರ್ ಪಾಠಗಳನ್ನು ತಾವೇ ರಚಿಸಿದರು. ಬೇರೆ ಕ್ರಮದಲ್ಲಿ ಕಲಿತವರಿಗಿಂತ ಈ ಮಕ್ಕಳಿಗೇ ಭಿನ್ನರಾಶಿಯು ಹೆಚ್ಚು ಮನದಟ್ಟಾಗಿತ್ತು.

ಇದಕ್ಕೆ ಕಾರಣವೇನು? ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಯಲ್ಲಾಪುರ ತಾಲೂಕಿನ ಮಂಚಿಕೇರಿಯ ವಿದ್ಯಾರ್ಥಿಗಳು ಅಡಿಕೆಯ ಕೊಳೆರೋಗವನ್ನು ಕುರಿತು ಮೊಬೈಲಿನಲ್ಲಿ ಐದು ನಿಮಿಷದ ಸಚಿತ್ರ ಪಾಠವನ್ನು ತಯಾರಿಸಲು ತೊಡಗಿದರೆನ್ನಿ. ಮಳೆಗಾಲಕ್ಕೆ ಮುನ್ನ ಕೊನೆಗೌಡನು ಮರವೇರಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ಅವರು ಬಾಲ್ಯದಿಂದಲೂ ಕಂಡವರೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವೂ ಬಾಯಿಪಾಠವಾಗಿದೆ. ಆದರೆ ಚಿತ್ರಕ್ಕೆ ವಿವರಣೆ ಬರೆಯುವಾಗ ಪ್ರಶ್ನೆಯೊಂದು ಅಡ್ಡ ಬರುತ್ತದೆ: ರೋಗಾಣುವನ್ನು ತಡೆಯುವುದು ತಾಮ್ರವಾದರೆ ಸುಣ್ಣವೇಕೆ?

ಉತ್ತರಕ್ಕಾಗಿ ಅವರು ರಸಾಯನಶಾಸ್ತ್ರವನ್ನು ತೆರೆಯಲೇಬೇಕು. ಮೈಲುತುತ್ತದ ದ್ರಾವಣವು ಆಮ್ಲೀಯವಾದುದು. ಅದೊಂದನ್ನೇ ಸಿಂಪಡಿಸಿದರೆ ಎಳೆಯ ಕಾಯಿಗಳು ಸುಟ್ಟುಹೋಗುತ್ತವೆ. ಸುಣ್ಣವು ಆಮ್ಲೀಯತೆಯನ್ನು ಕಳೆದು, ತಾಮ್ರವನ್ನು ಮಳೆಗೆ ಬೇಗ ತೊಳೆದುಹೋಗದ ಲೇಪವನ್ನಾಗಿ ಮಾರ್ಪಡಿಸುತ್ತದೆ. ಸುಣ್ಣವು ಸಾಕಾಯಿತೇ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿಟ್ಟು ನೋಡಬೇಕು. ಅಲಗು ಕೆಂಪಾದರೆ ದ್ರಾವಣದಲ್ಲಿ ತಾಮ್ರವು ಇನ್ನೂ ಮುಕ್ತವಾಗಿದೆ ಎಂದರ್ಥ: ಕಬ್ಬಿಣವು ಕರಗಿ ದ್ರಾವಣಕ್ಕಿಳಿಯುತ್ತದೆ, ತಾಮ್ರವು ಅಲಗಿಗೆ ಅಂಟಿಕೊಳ್ಳುತ್ತದೆ. ಆಗ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ಪಠ್ಯಪುಸ್ತಕದ ‘ಸ್ಥಾನಪಲ್ಲಟ ಕ್ರಿಯೆ’ಯು ಹೀಗೆ ತೋಟದ ಡ್ರಮ್ಮಿನಲ್ಲಿಯೇ ಪ್ರತ್ಯಕ್ಷವಾಗುತ್ತದೆ.

ಇಷ್ಟರಿಂದಲೇ ಕೆಲಸ ಮುಗಿಯದು. ಡಿಜಿಟಲ್ ಪಾಠವು ಕ್ಷಣಮಾತ್ರದಲ್ಲಿ ನೂರಾರು ಮನೆಗಳನ್ನು ತಲುಪಬಲ್ಲದು. ಸುಣ್ಣದ ಪ್ರಮಾಣವನ್ನು ಅದರಲ್ಲಿ ತಪ್ಪಾಗಿ ಹೇಳಿದರೆ ಯಾರದೋ ವರ್ಷದ ಫಸಲು ಹಾಳಾದೀತು. ಆದ್ದರಿಂದ ಪ್ರತಿಯೊಂದು ಅಂಕಿಯನ್ನೂ ಪುಸ್ತಕದಲ್ಲಿ ನೋಡಿ, ಅನುಭವಿ ಕೃಷಿಕರಲ್ಲಿ ವಿಚಾರಿಸಿ, ಅಧ್ಯಾಪಕರಿಗೆ ತೋರಿಸಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಪರೀಕ್ಷೆಯಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ನಮ್ಮ ಅಂಕವನ್ನು ಮಾತ್ರ. ಇಲ್ಲಿ ತಪ್ಪಿದರೆ ನಷ್ಟವು ನೆರೆಯವರದು. ಈ ಹೊಣೆಯರಿವೇ ವಿದ್ಯಾರ್ಥಿಯನ್ನು ಆಳಕ್ಕೆ ಕೊಂಡೊಯ್ಯುತ್ತದೆ.

ಬೇರೆಡೆಯ ಚಿತ್ರ, ವಾಕ್ಯಗಳನ್ನು ಎತ್ತಿ ಜೋಡಿಸಿದರೆ ಈ ಲಾಭವಿಲ್ಲ. ಪಾಠವು ಅಂದವಾಗಿ ಕಂಡೀತು, ರಚಿಸಿದವನ ಅಜ್ಞಾನವು ಮೊದಲಿದ್ದಂತೆಯೇ ಉಳಿದೀತು. ವಿದ್ಯಾರ್ಥಿ ಮಿತ್ರರು ಈ ವರ್ಷ ತಮಗೆ ಕಠಿನವೆನಿಸಿದ ಒಂದು ಅಧ್ಯಾಯವನ್ನು ಆರಿಸಿಕೊಳ್ಳಲಿ. ಕೆಳಗಿನ ತರಗತಿಯವರಿಗಾಗಿ ಅದರ ಪಾಠವನ್ನು ಸ್ವಂತ ಮಾತಿನಲ್ಲಿ, ಸ್ವಂತ ಚಿತ್ರಗಳಿಂದ ರಚಿಸಲಿ. ಎಲ್ಲಿ ಮಾತು ತಡವರಿಸುವುದೋ, ಕಲಿಯಬೇಕಾದುದು ಅಲ್ಲಿಯೇ ಇದೆ.