ತಂತಿಯೊಳಗೆ ಹರಿಯುವುದು ಯಾವುದು?

1902ನೆಯ ಇಸವಿಯಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ತಂತಿಗಳ ಮೂಲಕ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಆ ಕಾಲಕ್ಕೆ ಅದೊಂದು ಮಹತ್ಸಾಹಸ. ವಿದ್ಯುತ್ ಪ್ರವಾಹವೆಂದರೆ ವಿದ್ಯುದಂಶಗಳ ಚಲನೆ ಎಂದು ಪಾಠದಲ್ಲಿ ಓದಿದ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ಮೂಡುವುದು ಸಹಜ. ಶಿವನಸಮುದ್ರದಿಂದ ಹೊರಟ ಎಲೆಕ್ಟ್ರಾನುಗಳೇ ಕೋಲಾರವನ್ನು ಮುಟ್ಟಿದವೆ? ಮುಟ್ಟಿದ್ದರೆ ಅವುಗಳ ವೇಗವೆಷ್ಟು?

ಮೊದಲು ತಂತಿಯ ಒಳಗನ್ನು ಪರಿಶೀಲಿಸೋಣ. ತಾಮ್ರದ ಪ್ರತಿಯೊಂದು ಪರಮಾಣುವೂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುತ್ತದೆ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನುಗಳು ಲೋಹದಲ್ಲೆಲ್ಲ ಸ್ವಚ್ಛಂದವಾಗಿ ಸಂಚರಿಸುತ್ತವೆ. ತಾಮ್ರದಲ್ಲಿ ಈ ಸಂಚಾರದ ವೇಗ ಸೆಕೆಂಡಿಗೆ ಸುಮಾರು 1,600 ಕಿಲೋಮೀಟರಿನಷ್ಟು. ಆದರೆ ಒಂದು ಎಲೆಕ್ಟ್ರಾನು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ ಹೋಗುತ್ತದೆ. ಸಂತೆಯಲ್ಲಿ ಜನರು ಎಷ್ಟೇ ಓಡಾಡಿದರೂ ಸಂತೆ ಇದ್ದಲ್ಲಿಯೇ ಇರುವಂತೆ, ಇಲ್ಲಿಯೂ ಒಟ್ಟಿನ ಮುನ್ನಡೆ ಶೂನ್ಯ. ಆದುದರಿಂದ ಪ್ರವಾಹವೂ ಇಲ್ಲ.

ತಂತಿಯ ತುದಿಗಳನ್ನು ಬ್ಯಾಟರಿಗೆ ಜೋಡಿಸಿದೊಡನೆ ಅದರೊಳಗೆ ವಿದ್ಯುತ್ ಕ್ಷೇತ್ರವೊಂದು ಏರ್ಪಡುತ್ತದೆ. ಆಗ ಎಲೆಕ್ಟ್ರಾನುಗಳ ಅಡ್ಡಾದಿಡ್ಡಿ ಓಡಾಟದ ಜೊತೆಗೆ, ಎಲ್ಲವೂ ಒಂದೇ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸರಿಯತೊಡಗುತ್ತವೆ. ಈ ಸರಿತವೇ ವಿದ್ಯುತ್ ಪ್ರವಾಹ. ಎಲೆಕ್ಟ್ರಾನಿನದು ಋಣ ವಿದ್ಯುತ್ತಾದುದರಿಂದ ಅದು ಬ್ಯಾಟರಿಯ ಧನ ತುದಿಯತ್ತ ಚಲಿಸುತ್ತದೆ. ಪುಸ್ತಕಗಳಲ್ಲಿ ಪ್ರವಾಹದ ಬಾಣವನ್ನು ಇದಕ್ಕೆ ವಿರುದ್ಧವಾಗಿ ಗುರುತಿಸಿರುವುದೇಕೆ? 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿಯುವುದಕ್ಕೆ ಬಹಳ ಮೊದಲೇ ಆ ದಿಕ್ಕು ರೂಢಿಗೆ ಬಂದುಬಿಟ್ಟಿತ್ತು. ಲೆಕ್ಕದಲ್ಲಿ ಅದರಿಂದ ತೊಂದರೆಯಿಲ್ಲವಾದ ಕಾರಣ ರೂಢಿ ಹಾಗೆಯೇ ಉಳಿದಿದೆ.

ಈಗ ವೇಗವನ್ನು ಲೆಕ್ಕ ಹಾಕೋಣ. ಒಂದು ಆಂಪೇರ್ ಪ್ರವಾಹವೆಂದರೆ ತಂತಿಯ ಯಾವುದೇ ಅಡ್ಡಕೊಯ್ತವನ್ನು ಸೆಕೆಂಡಿಗೆ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನುಗಳು ದಾಟುವುದು ಎಂದರ್ಥ. ಈ ಸಂಖ್ಯೆ ದೊಡ್ಡದೇ ಸರಿ. ಆದರೆ ಒಂದು ಘನ ಮಿಲಿಮೀಟರ್ ತಾಮ್ರದಲ್ಲಿಯೇ ಸುಮಾರು 8,50,000 ಕೋಟಿ ಕೋಟಿ ಸ್ವತಂತ್ರ ಎಲೆಕ್ಟ್ರಾನುಗಳಿವೆ! ತಂತಿಯ ಅಡ್ಡಕೊಯ್ತ ಒಂದು ಚದರ ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದರ ಒಂದು ಮಿಲಿಮೀಟರ್ ಉದ್ದದಲ್ಲಿರುವ ಎಲೆಕ್ಟ್ರಾನುಗಳೆಲ್ಲ ದಾಟಿಹೋಗಲು 8,50,000ವನ್ನು 62,400ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 13.6 ಸೆಕೆಂಡು ಬೇಕು. ಒಂದು ಮೀಟರಿಗೆ 13,600 ಸೆಕೆಂಡು. ಹತ್ತಿರ ಹತ್ತಿರ ಮೂರು ಮುಕ್ಕಾಲು ಗಂಟೆ! ಬಸವನಹುಳು ಕೂಡ ಇದಕ್ಕಿಂತ ಬೇಗ ಸಾಗೀತು. ಇದೇ ವೇಗದಲ್ಲಿ ಎಲೆಕ್ಟ್ರಾನೊಂದು 1902ರಲ್ಲಿ ಶಿವನಸಮುದ್ರವನ್ನು ಬಿಟ್ಟಿದ್ದರೆ, ಸುಮಾರು 63 ವರ್ಷಗಳ ಪಯಣದ ನಂತರ 1965ರ ವೇಳೆಗೆ ಕೋಲಾರವನ್ನು ಸೇರುತ್ತಿತ್ತು.

ಹೀಗಿರುವಾಗ ಗುಂಡಿಯನ್ನು ಒತ್ತಿದೊಡನೆ ದೀಪ ಬೆಳಗುವುದು ಹೇಗೆ? ತೇರಿನ ಹಗ್ಗವನ್ನು ನೆನೆದುಕೊಳ್ಳಿರಿ. ಮುಂದಿನವರು ಎಳೆದೊಡನೆ ಹಿಂದಿನ ರಥ ಅಲುಗುತ್ತದೆ. ಮುಂದಿನವರು ಹಿಡಿದ ಹಗ್ಗದ ತುದಿ ಹಿಂದಕ್ಕೆ ಬಂದು ರಥವನ್ನು ಮುಟ್ಟಬೇಕಾಗಿಲ್ಲ. ಎಳೆತ ಮುಟ್ಟಿದರೆ ಸಾಕು. ತಂತಿಯಾದರೂ ಮೊದಲೇ ಎಲೆಕ್ಟ್ರಾನುಗಳಿಂದ ತುಂಬಿರುತ್ತದೆ. ವಿದ್ಯುತ್ ಕ್ಷೇತ್ರವು ತಂತಿಯ ಗುಂಟ ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಹರಡುತ್ತದೆ. ಅದು ತಲಪಿದಲ್ಲೆಲ್ಲ ಎಲೆಕ್ಟ್ರಾನುಗಳು ಆ ಕ್ಷಣವೇ ಸರಿಯತೊಡಗುತ್ತವೆ. ದೀಪವನ್ನು ಬೆಳಗುವುವು ದೀಪದೊಳಗೇ ಇದ್ದ ಎಲೆಕ್ಟ್ರಾನುಗಳು. 147 ಕಿಲೋಮೀಟರ್ ದಾಟಲು ಈ ಕ್ಷೇತ್ರಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಕಾಗದು.

ಇನ್ನೂ ಒಂದು ಮಾತಿದೆ. ಮೇಲಿನ ಲೆಕ್ಕ ಒಂದೇ ದಿಕ್ಕಿಗೆ ಹರಿಯುವ ಪ್ರವಾಹಕ್ಕೆ ಸಂಬಂಧಿಸಿದುದು. ಶಿವನಸಮುದ್ರದಿಂದ ಹೋದದ್ದು ಪರ್ಯಾಯ ಪ್ರವಾಹ. ನಮ್ಮ ಮನೆಗಳಿಗೆ ಬರುವುದೂ ಅದೇ. ಮನೆಯ ಪ್ರವಾಹ ಸೆಕೆಂಡಿಗೆ 50 ಆವರ್ತಗಳನ್ನು ಮುಗಿಸುತ್ತದೆ. ಆದುದರಿಂದ ನಾವು ಆರಿಸಿಕೊಂಡ ತಂತಿಯಲ್ಲಿ ಎಲೆಕ್ಟ್ರಾನುಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ದೂರದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತವೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಕೋಲಾರವನ್ನು ಮುಟ್ಟಿದ್ದೇನು? ಧುಮ್ಮಿಕ್ಕುವ ಕಾವೇರಿಯ ಶಕ್ತಿ. ದೀಪವು ಪ್ರವಾಹವನ್ನು ತಿಂದುಬಿಡುತ್ತದೆಂದು ಹಲವು ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ಸರಿಯಲ್ಲ. ದೀಪದೊಳಕ್ಕೆ ಹೋಗುವ ಪ್ರವಾಹವೆಷ್ಟೋ ಹೊರಬರುವ ಪ್ರವಾಹವೂ ಅಷ್ಟೆ. ಅಲ್ಲಿ ವ್ಯಯವಾಗಿ ಬೆಳಕು, ಶಾಖಗಳಾಗುವುದು ಶಕ್ತಿ ಮಾತ್ರ. ಮನೆಯ ಮೀಟರು ಯೂನಿಟ್ಟುಗಳಲ್ಲಿ ಅಳೆಯುವುದೂ ಅದನ್ನೇ, ಎಲೆಕ್ಟ್ರಾನುಗಳನ್ನಲ್ಲ.

ಕೊನೆಯದಾಗಿ ವಾಚಕರಿಗೆ ಒಂದು ಪ್ರಶ್ನೆ: ಅದೇ ಒಂದು ಆಂಪೇರ್ ಪ್ರವಾಹ ಎರಡು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಹರಿದರೆ, ಒಂದು ಮೀಟರ್ ಸರಿಯಲು ಎಲೆಕ್ಟ್ರಾನುಗಳಿಗೆ ಎಷ್ಟು ಕಾಲ ಬೇಕು? ಕಾಗದ, ಪೆನ್ಸಿಲುಗಳನ್ನು ಹಿಡಿದು ಲೆಕ್ಕ ಹಾಕಿ ನೋಡಿರಿ.