ಗ್ಯಾರೇಜಿನವರು ಹೇಳಿದ ರೇಟು ಸರಿಯೇ?



ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ಕಾರು ಓಡಿಸಿ ಜೀವನ ಮಾಡುವ ಮನೆಗಳು ಬಹಳ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದಲ್ಲಿ ಟ್ಯಾಕ್ಸಿ ಕೆಲಸ ಹೆಚ್ಚಾಯಿತು. ಗಾಡಿ ಇದ್ದಲ್ಲಿ ರಿಪೇರಿ ಇದ್ದೇ ಇರುತ್ತದೆ, ರಿಪೇರಿ ಬಂದರೆ ಸಂಘದ ಸಾಲ. ಅರ್ಜಿಯಲ್ಲಿ 'ಕಾರು ರಿಪೇರಿಗೆ 15,000' ಎಂದು ಬರೆದಿರುತ್ತದೆ. ಯಾಕೆ ಅಷ್ಟು ಎಂದು ಕೇಳಿದರೆ, "ನಂಗೇನ್ ಗೊತ್ತು ಸಿಸ್ಟರ್, ಮೆಕ್ಯಾನಿಕ್ ಅಷ್ಟು ಹೇಳಿದ್ರಂತೆ, ನಮ್ಮನೆಯವರು ಬಂದು ಹೇಳಿದ್ರು" ಎಂಬ ಉತ್ತರ.

ಗಾಡಿಯ ಆರ್.ಸಿ. ಅವರ ಹೆಸರಿನಲ್ಲಿ, ಸಾಲ ನಿಮ್ಮ ಹೆಸರಿನಲ್ಲಿ. ಕಂತು ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸಿ ಕೂರುವವರೂ ನೀವೇ. ಆದ್ದರಿಂದ ಸ್ಟೇರಿಂಗ್ ಹಿಡಿಯಲು ಬಾರದಿದ್ದರೂ ಗ್ಯಾರೇಜಿನ ಲೆಕ್ಕ ಓದಲು ನಾವು ಕಲಿಯಬೇಕು. ಇದು ಮದುವೆ ಅಡುಗೆಯವರ ಲೆಕ್ಕಕ್ಕಿಂತ ಕಷ್ಟವೇನಲ್ಲ. ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು ಎಂದು ಬೇರೆ ಬೇರೆ ಕೇಳಬೇಕು, ಅಷ್ಟೇ.

ಒಂದು ಉದಾಹರಣೆ ಮಾಡಿ ನೋಡೋಣ. (ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ಗಾಡಿಯಿಂದ ಗಾಡಿಗೆ ರೇಟು ಬೇರೆ.) ಕ್ಲಚ್ ಹೋಗಿದೆ. ಮೊದಲ ಗ್ಯಾರೇಜು 14,500 ಎನ್ನುತ್ತದೆ, ಎರಡನೆಯದು 9,000. ನಾವೆಲ್ಲರೂ ಎರಡನೆಯವರ ಹತ್ತಿರ ಓಡುತ್ತೇವೆ, ಅಲ್ಲವೇ? ಸ್ವಲ್ಪ ನಿಂತು, ಇಬ್ಬರಿಂದಲೂ ಬಿಡಿಸಿ ಬರೆಸಿಕೊಳ್ಳೋಣ. ಮೊದಲನೆಯವರು ಹೆಸರಿರುವ ಕಂಪನಿಯ ಪೂರ್ತಿ ಕ್ಲಚ್ ಸೆಟ್ 6,200, ಕೂಲಿ 3,500, ಫ್ಲೈವೀಲ್ ಲೇತ್ ಕೆಲಸ 800, ಗೇರ್ ಆಯಿಲ್ 900 ಎಂದು ಬರೆದರು. ಕೂಡಿದರೆ 11,400. ಉಳಿದ 3,100 ಎಲ್ಲಿ ಹೋಯಿತು? ಎಂಜಿನ್ ಮೌಂಟಿಂಗ್ ಬದಲಿಸಲಿಕ್ಕಂತೆ. ಅದು ನಿಜವಾಗಿ ಹರಿದಿದ್ದರೆ ತೋರಿಸಲಿ, ಬದಲಾಯಿಸೋಣ. ಹರಿದಿಲ್ಲದಿದ್ದರೆ ಬೇಡ. ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಸಂಘದಲ್ಲಿ ಆ 3,100ಕ್ಕೆ ಮೊದಲ ತಿಂಗಳೇ 62 ರೂಪಾಯಿ ಬಡ್ಡಿ ಬೀಳುತ್ತದೆ.

ಇನ್ನು ಎರಡನೆಯವರು. ಕ್ಲಚ್ ಪ್ಲೇಟ್ ಮತ್ತು ಪ್ರೆಷರ್ ಪ್ಲೇಟ್, ಯಾವ ಕಂಪನಿ ಎಂದು ಹೇಳಿಲ್ಲ, 4,800. ಕೂಲಿ 3,500. ಆಯಿಲ್ 700. ಬೇರಿಂಗ್ ಇಲ್ಲವೇ ಇಲ್ಲ. ಕ್ಲಚ್ ಕೆಲಸಕ್ಕೆ ಗೇರ್ ಬಾಕ್ಸ್ ಕೆಳಗಿಳಿಸಬೇಕು, ಕೂಲಿ ಆಗುವುದೇ ಅದಕ್ಕೆ. ಹಳೆಯ ಬೇರಿಂಗ್ ಒಳಗೇ ಬಿಟ್ಟು ಮುಚ್ಚಿದರೆ, ಆರು ತಿಂಗಳಲ್ಲಿ ಅದು ಕಿರುಗುಟ್ಟಿದಾಗ ಮತ್ತೆ ಗೇರ್ ಬಾಕ್ಸ್ ಇಳಿಸಬೇಕು, ಮತ್ತೆ 3,500. ಹೀಗಾಗಿ 'ಪ್ಲೇಟ್ ಜೊತೆ ಬೇರಿಂಗೂ ಹಾಕೋಣ ಅಕ್ಕಾ' ಎನ್ನುವ ಮೆಕ್ಯಾನಿಕ್ ನಮ್ಮನ್ನು ಸುಲಿಯುತ್ತಿಲ್ಲ, ನಮ್ಮ ದುಡ್ಡು ಉಳಿಸುತ್ತಿದ್ದಾರೆ. ಈ ಲೆಕ್ಕದಲ್ಲಿ ನ್ಯಾಯವಾದ ರೇಟು 14,500ವೂ ಅಲ್ಲ, 9,000ವೂ ಅಲ್ಲ, 11,400. ಇನ್ನೊಂದು ಮಾತನ್ನೂ ಕೇಳಿ: ಗಾಡಿ ಎಂದು ಕೊಡುತ್ತೀರಿ? ಗಾಡಿ ನಿಂತ ದಿನ ದುಡಿಮೆ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಸಾಮಾನಿನ ರೇಟು ತಿಳಿಯುವುದು ಸುಲಭ. ಪಾರ್ಟ್ಸ್ ಬರುವ ಡಬ್ಬದ ಮೇಲೆ ಎಂ.ಆರ್.ಪಿ. ಇರುತ್ತದೆ, ಅದರಲ್ಲಿ ಎಲ್ಲಾ ತೆರಿಗೆಯೂ ಸೇರಿರುತ್ತದೆ. ಎಂ.ಆರ್.ಪಿ. ಮೇಲೆ ಮತ್ತೆ ಜಿ.ಎಸ್.ಟಿ. ಸೇರಿಸಿದ್ದರೆ ಒಪ್ಪಬೇಡಿ. ಬಿಲ್ಲಿನಲ್ಲಿ ಜಿ.ಎಸ್.ಟಿ. ಹಾಕಿದ್ದರೆ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆಯೂ ಇರಬೇಕು. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ನೋಂದಣಿ ಇಲ್ಲದ ಸಣ್ಣ ಗ್ಯಾರೇಜು ಜಿ.ಎಸ್.ಟಿ. ಎಂದು ದುಡ್ಡು ಕೇಳುವ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗಾಡಿಯ ಬಿಡಿಭಾಗಗಳ ಮೇಲೆ ತೆರಿಗೆ ಶೇ. 18. ಇನ್ನೂ 28 ಹಾಕುತ್ತಿದ್ದರೆ ಕೇಳಿ. ರೇಟಿನ ಬಗ್ಗೆ ಅನುಮಾನ ಬಂದರೆ ಗಾಡಿಯ ಹೆಸರು, ವರ್ಷ, ಪೆಟ್ರೋಲೋ ಡೀಸೆಲ್ಲೋ ಹೇಳಿ ಜೆ.ಸಿ. ರಸ್ತೆಯ ಯಾವುದಾದರೂ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಬಹುದು. ಕಂಪನಿ ಮಾಲೋ, ಲೋಕಲ್ಲೋ, ಗುಜರಿಯದ್ದೋ ಎಂದು ಕಾಗದದಲ್ಲಿ ಬರೆಸಿ. ಬಾಗಿಲು, ಕನ್ನಡಿಗೆ ಶಿವಾಜಿನಗರದ ಗುಜರಿ ಮಾಲು ನಡೆದೀತು. ಬ್ರೇಕಿಗೆ ಮಾತ್ರ ಬೇಡವೇ ಬೇಡ. ಕೆಲಸ ಮುಗಿದ ಮೇಲೆ ಹೊಸ ಪಾರ್ಟಿನ ಡಬ್ಬ ಮತ್ತು ಕಳಚಿದ ಹಳೇ ಪಾರ್ಟು, ಎರಡನ್ನೂ ಕೇಳಿ ತೆಗೆದುಕೊಳ್ಳಿ. ಹಳೇ ಪಾರ್ಟು ನಮ್ಮದು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಸೊಪ್ಪಿನವರ ಹತ್ತಿರ ಮಾಡಿದ ಹಾಗೆ ಗ್ಯಾರೇಜಿನಲ್ಲಿ ಕೂಲಿಗೆ ಚೌಕಾಶಿ ಮಾಡುತ್ತೇವೆ. 3,500 ಕೂಲಿಯನ್ನು 2,000ಕ್ಕೆ ಇಳಿಸಿ ಗೆದ್ದೆವು ಎಂದುಕೊಳ್ಳುತ್ತೇವೆ. ಗ್ಯಾರೇಜಿನವರಿಗೂ ಬಾಡಿಗೆ ಇದೆ, ಕೈಕೆಳಗಿನ ಹುಡುಗರಿಗೆ ಸಂಬಳ ಇದೆ. ಕೂಲಿಯಲ್ಲಿ ಹೋದದ್ದನ್ನು ಅವರು ಸಾಮಾನಿನಲ್ಲಿ ತೆಗೆಯುತ್ತಾರೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ದುಡಿದ ಕೈಗೆ ಪೂರ್ತಿ ಕೂಲಿ ಕೊಟ್ಟು, ಸಾಮಾನನ್ನು ಕಣ್ಣಾರೆ ನೋಡಿ ತೆಗೆದುಕೊಳ್ಳುವುದೇ ಮೇಲು. ಗಾರ್ಮೆಂಟ್ಸಿನಲ್ಲಿ ಪೀಸ್ ರೇಟಿಗೆ ದುಡಿದ ನಮ್ಮ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೇಟು ಸರಿಯಿದ್ದರೂ ಕೆಲಸವೇ ಬೇಡದ್ದಾಗಿರಬಹುದು. ಆದ್ದರಿಂದ 'ಎಷ್ಟು' ಎನ್ನುವುದಕ್ಕಿಂತ ಮೊದಲು 'ಇದೇ ಹೋಗಿದೆ ಎಂದು ಹೇಗೆ ಗೊತ್ತಾಯಿತು, ತೋರಿಸಿ' ಎಂದು ಕೇಳಬೇಕು. ಬ್ಯಾಟರಿ ಹೋಗಿದೆ ಎಂದರೆ ಮೀಟರ್ ಹಿಡಿದು ತೋರಿಸಲಿ. ಎಂಜಿನ್ ಆಫ್ ಇದ್ದಾಗ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಓಡುವಾಗಲೂ ಏರದಿದ್ದರೆ ತೊಂದರೆ ಆಲ್ಟರ್ನೇಟರಿನಲ್ಲಿ ಇರಬಹುದು, ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿದುಹೋಗುತ್ತದೆ. ಎ.ಸಿ. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಲ್ಲ. ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ಬರೀ ಗ್ಯಾಸ್ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಎಂಜಿನ್ ಹೀಟ್ ಆಗುತ್ತಿದೆ, ಎಂಜಿನ್ ಬಿಚ್ಚಬೇಕು ಎನ್ನುವುದು ದೊಡ್ಡ ಖರ್ಚಿನ ಮಾತು. ಅದಕ್ಕೂ ಮೊದಲು ಕೂಲೆಂಟ್ ಇದೆಯೇ, ಫ್ಯಾನ್ ತಿರುಗುತ್ತಿದೆಯೇ, ಥರ್ಮೋಸ್ಟಾಟ್, ವಾಟರ್ ಪಂಪು, ರೇಡಿಯೇಟರ್ ಸರಿಯಿವೆಯೇ ಎಂದು ನೋಡಬೇಕು. ಇವು ಕಡಿಮೆ ಖರ್ಚಿನವು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಗುರುತು ಸಿಗುತ್ತದೆ: ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಆಗಬಹುದು, ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡದೆ ಬರಬಹುದು, ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗಬಹುದು. ಒಂದೂ ತೋರಿಸದಿದ್ದರೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ. ಅವರಿಗೆ ಮೊದಲನೆಯವರು ಹೇಳಿದ ರೇಟು ಹೇಳಬೇಡಿ, ಗಾಡಿಯ ತೊಂದರೆ ಮಾತ್ರ ಹೇಳಿ. (ಬಿಸಿಯಾದ ಗಾಡಿಯ ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಬೇಡಿ, ಮಕ್ಕಳನ್ನೂ ದೂರ ಇಡಿ.)

ಇದೆಲ್ಲ ಕೆಲಸ ಶುರುವಾಗುವ ಮುಂಚೆಯೇ ಆಗಬೇಕು. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ರಿಪೇರಿ ಮಾಡಿದವರು ತಮ್ಮ ಕೆಲಸದ ಹಣ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಎಂಜಿನ್ ಬಿಚ್ಚಿ ಹರಡಿದ ಮೇಲೆ ಚರ್ಚೆಗೆ ನಿಂತರೆ ನಮ್ಮ ಕೈ ಕೆಳಗೇ. 'ಈ ಎಸ್ಟಿಮೇಟಿಗಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಿಯೇ ಮುಂದುವರಿಯಬೇಕು' ಎಂದು ಅದೇ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಮೋಸವಾಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕೈಯಲ್ಲಿ ಕಾಗದ ಇದ್ದರೆ ಮಾತಿಗೆ ಬಲ ಇರುತ್ತದೆ.

ಸಂಘಗಳಿಗೆ ನಮ್ಮ ಸಲಹೆ ಇಷ್ಟು. ರಿಪೇರಿ ಸಾಲದ ಅರ್ಜಿಗೆ ಬಿಡಿಸಿ ಬರೆದ ಎಸ್ಟಿಮೇಟ್ ಲಗತ್ತಿಸಲೇಬೇಕು ಎಂದು ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲು ಸಾಮಾನಿನ ಹಣ ಕೊಡಿ, ಗಾಡಿ ಓಡಿಸಿ ನೋಡಿದ ಮೇಲೆ ಕೂಲಿಯ ಹಣ ಕೊಡಿ. ಯಜಮಾನರು ಮುನಿಸಿಕೊಂಡರೆ, 'ಸಂಘದ ರೂಲ್ಸ್ ರೀ, ನಾನೇನ್ ಮಾಡ್ಲಿ' ಎನ್ನಿ. ಒಬ್ಬರೇ ಕೇಳಿದರೆ ಜಗಳ, ಸಂಘವೇ ಕೇಳಿದರೆ ನಿಯಮ.

ಮುಂದಿನ ಸಭೆಗೆ ಮನೆಯಲ್ಲಿರುವ ಹಳೆಯ ಗ್ಯಾರೇಜ್ ಬಿಲ್ಲುಗಳನ್ನು ತನ್ನಿ, ಆಟೋ, ಸ್ಕೂಟರಿನದ್ದಾದರೂ ಆಗಬಹುದು. ಓದಲು ಬರುವವರು ಜೋರಾಗಿ ಓದಲಿ. ಸಾಮಾನು ಎಷ್ಟು, ಕೂಲಿ ಎಷ್ಟು ಎಂದು ಕಪ್ಪು ಹಲಗೆಯ ಮೇಲೆ ಎರಡು ಸಾಲು ಮಾಡಿ ಬರೆಯಿರಿ. ಯಾವ ಸಾಲಿಗೂ ಸೇರದ ಹಣ ಸಿಕ್ಕರೆ ಅದರ ಸುತ್ತ ಗೆರೆ ಎಳೆದು, ಆ ಮನೆಯವರು ಗ್ಯಾರೇಜಿನಲ್ಲಿ ಹೋಗಿ ಕೇಳಿಬರಲಿ.