ಪೈಲಟ್ ವೃತ್ತಿ: ಆಯ್ಕೆಗೆ ಮುನ್ನ ತಿಳಿಯಬೇಕಾದುದು

ಪೂರಕ ಪಾಠ: ವೃತ್ತಿ ಮಾರ್ಗದರ್ಶನ (ಹತ್ತನೇ ತರಗತಿ)

ಕಲಿಕಾ ಸಾಧನೆಗಳು
• ಪೈಲಟ್ ಆಗುವ ಹಂತಗಳನ್ನು ಕ್ರಮವಾಗಿ ವಿವರಿಸುವುದು.
• ತರಬೇತಿಯ ವೆಚ್ಚ ಹಾಗೂ ಸಾಲದ ಹೊರೆಯನ್ನು ಲೆಕ್ಕಹಾಕುವುದು.
• ವೃತ್ತಿಯ ಗುಣದೋಷಗಳನ್ನು ತೂಗಿ ನೋಡಿ ಅಭಿಪ್ರಾಯ ಮಂಡಿಸುವುದು.

ಪ್ರವೇಶ

ಮಂಗಳೂರು ಮತ್ತು ಕಣ್ಣೂರು ವಿಮಾನ ನಿಲ್ದಾಣಗಳ ನಡುವೆ ಇರುವ ಕಾಸರಗೋಡಿನ ಮಕ್ಕಳಿಗೆ ವಿಮಾನ ಅಪರಿಚಿತವಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಹೋಗಿಬರುವ ಬಂಧುಗಳು ಅನೇಕ ಮನೆಗಳಲ್ಲಿದ್ದಾರೆ. ಆದುದರಿಂದ ಮುಂದೇನಾಗಬೇಕೆಂಬ ಪ್ರಶ್ನೆಗೆ ‘ಪೈಲಟ್’ ಎಂಬ ಉತ್ತರ ಬರುವುದು ಸಹಜ. ಅಧ್ಯಾಪಕರು ಈ ಉತ್ತರವನ್ನು ನಕ್ಕು ತಳ್ಳಿಹಾಕಲೂಬಾರದು, ಬರಿಯ ಹೊಗಳಿಕೆಯಿಂದ ಉಬ್ಬಿಸಲೂಬಾರದು. ಅವಸರದ ನಿರ್ಧಾರಕ್ಕೆ ಮನೆಯ ಅಡಿಕೆ ತೋಟವೇ ಬೆಲೆಯಾಗಬಹುದು. ಸಕಾಲದಲ್ಲಿ ಮಾಹಿತಿ ದೊರೆಯದೆ ಅರ್ಹ ವಿದ್ಯಾರ್ಥಿಯೊಬ್ಬಳು ಹಿಂದುಳಿಯಲೂಬಹುದು.

ವಿಷಯ ವಿವರಣೆ

1. ಅರ್ಹತೆ: ಭೌತಶಾಸ್ತ್ರ ಮತ್ತು ಗಣಿತದೊಂದಿಗೆ ಪ್ಲಸ್ ಟು ತೇರ್ಗಡೆಯಾಗುವುದು ರೂಢಿಯಲ್ಲಿರುವ ಅರ್ಹತೆ. ಬೇರೆ ವಿಭಾಗದಲ್ಲಿ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಬರೆದು ಅರ್ಹತೆ ಪಡೆದುದುಂಟು. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸಾಗಿರಬೇಕು. ಪರವಾನಗಿ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅದರ ಜಾಲತಾಣವನ್ನೇ ನೋಡುವಂತೆ ಮಕ್ಕಳಿಗೆ ಹೇಳಬೇಕು.

2. ವೈದ್ಯಕೀಯ ಪರೀಕ್ಷೆ: ಮೊದಲು ಎರಡನೇ ದರ್ಜೆಯ, ಬಳಿಕ ಒಂದನೇ ದರ್ಜೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಕನ್ನಡಕ ಹಾಕುವವರು ಪೈಲಟ್ ಆಗಲಾರರೆಂಬುದು ತಪ್ಪು ತಿಳಿವಳಿಕೆ. ಕನ್ನಡಕದಿಂದ ದೃಷ್ಟಿ ನಿಗದಿತ ಮಟ್ಟಕ್ಕೆ ಸರಿಹೋಗುವುದಾದರೆ ಸಾಕು. ಆದರೆ ಬಣ್ಣ ಗುರುತಿಸುವ ಶಕ್ತಿಯ ಕೊರತೆ ತೊಡಕಾಗಬಲ್ಲದು. ಆದುದರಿಂದ ಶುಲ್ಕ ಕಟ್ಟುವ ಮೊದಲೇ ಈ ಪರೀಕ್ಷೆಯನ್ನು ಮುಗಿಸಿಕೊಳ್ಳಬೇಕು. ಹೆತ್ತವರಿಗೆ ನಾವು ನೀಡಬಹುದಾದ ಅತ್ಯಂತ ಬೆಲೆಯುಳ್ಳ ಸಲಹೆ ಇದು.

3. ತರಬೇತಿ: ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಪೂರೈಸಬೇಕು. ವಾಯುಯಾನ ನಿಯಮಗಳು, ಪಥನಿರ್ದೇಶನ, ಹವಾಮಾನ ಹಾಗೂ ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಶೇಕಡಾ 70 ಅಂಕ ಬೇಕು. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕೇಂದ್ರ ಸರಕಾರದ ಸಂಸ್ಥೆ. ಅಲ್ಲಿಗೆ ಪ್ರವೇಶ ಪರೀಕ್ಷೆಯಿದೆ. ತಿರುವನಂತಪುರದಲ್ಲಿ ಕೇರಳ ಸರಕಾರದ, ಬೆಂಗಳೂರಿನ ಜಕ್ಕೂರಿನಲ್ಲಿ ಕರ್ನಾಟಕ ಸರಕಾರದ ತರಬೇತಿ ಸಂಸ್ಥೆಗಳಿವೆ.

4. ವೆಚ್ಚ: ತರಬೇತಿಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಬೇಕಾಗುತ್ತದೆ. ಪರವಾನಗಿ ದೊರೆತರೂ ದೊಡ್ಡ ವಿಮಾನ ಹಾರಿಸುವಂತಿಲ್ಲ. ಏರ್‌ಬಸ್ 320 ಅಥವಾ ಬೋಯಿಂಗ್ 737ರಂತಹ ನಿರ್ದಿಷ್ಟ ಮಾದರಿಗಾಗಿ ‘ಟೈಪ್ ರೇಟಿಂಗ್’ ಎಂಬ ಪ್ರತ್ಯೇಕ ತರಬೇತಿ ಪಡೆಯಬೇಕು. ಅನೇಕ ವೇಳೆ ಅದರ ಲಕ್ಷಾಂತರ ರೂಪಾಯಿಯನ್ನೂ ಅಭ್ಯರ್ಥಿಯೇ ಭರಿಸಬೇಕು.

5. ಉದ್ಯೋಗ: ಪರವಾನಗಿಯೆಂದರೆ ಉದ್ಯೋಗವಲ್ಲ. ಮೊದಲ ಕೆಲಸಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ನುರಿತ ಪೈಲಟ್‌ಗಳೂ ಕೆಲಸ ಹುಡುಕಬೇಕಾಯಿತು. ಕ್ಯಾಪ್ಟನ್ ಹುದ್ದೆಗೆ ಬೇಕಾದ ಉನ್ನತ ಪರವಾನಗಿಗೆ 1500 ಗಂಟೆಗಳ ಅನುಭವ ಅಗತ್ಯ. ವೇತನ ಉತ್ತಮವಾದರೂ ರಾತ್ರಿ ದುಡಿಮೆ, ಹಬ್ಬದ ದಿನಗಳಲ್ಲೂ ಕರ್ತವ್ಯ, ಮತ್ತೆ ಮತ್ತೆ ಎದುರಿಸಬೇಕಾದ ವೈದ್ಯಕೀಯ ಮತ್ತು ಕೌಶಲ ಪರೀಕ್ಷೆಗಳು ವೃತ್ತಿಯುದ್ದಕ್ಕೂ ಇರುತ್ತವೆ.

6. ಭಾಷೆ: ಕನ್ನಡ ಮಾಧ್ಯಮದ ಮಕ್ಕಳನ್ನು ಕಾಡುವ ಅಳುಕು ಇದು. ಅಂತಾರಾಷ್ಟ್ರೀಯ ನಿಯಮದಂತೆ ಪೈಲಟ್‌ನ ಇಂಗ್ಲಿಷ್ ಪ್ರೌಢಿಮೆ ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೆಯದಾಗಿರಬೇಕು. ಅಲ್ಲಿ ಪರೀಕ್ಷಿಸುವುದು ಸ್ಪಷ್ಟ ಉಚ್ಚಾರ, ಗ್ರಹಿಕೆ, ಪ್ರತಿಕ್ರಿಯೆ ಮುಂತಾದವುಗಳನ್ನು. ತಾಯ್ನುಡಿಯ ಛಾಯೆ ಮಾತಿನಲ್ಲಿ ಉಳಿಯುವುದು ದೋಷವಲ್ಲ, ಅದು ಅರ್ಥಕ್ಕೆ ಅಡ್ಡಬರಬಾರದು ಅಷ್ಟೆ. ಗಣಿತ, ಭೌತಶಾಸ್ತ್ರಗಳ ಪರಿಕಲ್ಪನೆ ಕನ್ನಡದಲ್ಲಿ ಗಟ್ಟಿಯಾದರೆ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಕಲಿಯುವುದು ಅಭ್ಯಾಸದ ಮಾತು.

ಚಟುವಟಿಕೆಗಳು

ಚಟುವಟಿಕೆ 1: 50 ಲಕ್ಷ ರೂಪಾಯಿ ಸಾಲಕ್ಕೆ ವಾರ್ಷಿಕ ಶೇಕಡಾ 10 ಸರಳ ಬಡ್ಡಿಯೆಂದು ಭಾವಿಸಿ ತಿಂಗಳ ಬಡ್ಡಿಯನ್ನು ಕಂಡುಹಿಡಿಯಿರಿ. (ಸುಮಾರು 41,667 ರೂಪಾಯಿ.) ಪರವಾನಗಿಯ ಬಳಿಕ ಎರಡು ವರ್ಷ ಕೆಲಸ ಸಿಗದಿದ್ದರೆ ಆ ಅವಧಿಯ ಬಡ್ಡಿಯೊಂದೇ 10 ಲಕ್ಷ. ಮನೆಯ ಆದಾಯ ಇದನ್ನು ತಾಳಬಲ್ಲುದೇ ಎಂದು ಚರ್ಚಿಸಲಿ. ಯಾವ ಮಗುವಿನ ಮನೆಯ ಆದಾಯವನ್ನೂ ತರಗತಿಯಲ್ಲಿ ಕೇಳಬಾರದು. ಕಲ್ಪಿತ ಕುಟುಂಬವೊಂದನ್ನು ಉದಾಹರಿಸಿರಿ.

ಚಟುವಟಿಕೆ 2: ದಿಕ್ಕು ಒಂದು ಡಿಗ್ರಿ ತಪ್ಪಿದರೆ 60 ನಾಟಿಕಲ್ ಮೈಲಿ ಸಾಗುವಷ್ಟರಲ್ಲಿ ವಿಮಾನ ಸುಮಾರು ಒಂದು ನಾಟಿಕಲ್ ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಎರಡು ಡಿಗ್ರಿ ತಪ್ಪಿ 300 ನಾಟಿಕಲ್ ಮೈಲಿ ಸಾಗಿದರೆ? (ಸುಮಾರು 10 ನಾಟಿಕಲ್ ಮೈಲಿ, ಅಂದರೆ 18.5 ಕಿಲೋಮೀಟರ್.) ಉತ್ತರವನ್ನು ನಕಾಶೆಯಲ್ಲಿ ಗುರುತಿಸಲಿ.

ಮೌಲ್ಯಮಾಪನ

1. ಶುಲ್ಕ ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಏಕೆ ಅಗತ್ಯ?
2. ‘ಖಚಿತ ಉದ್ಯೋಗ’ ಎಂದು ಘೋಷಿಸುವ ಜಾಹೀರಾತನ್ನು ಕಂಡಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆಯಿರಿ.
3. ವಿಮಾನ ನಿರ್ವಹಣಾ ತಂತ್ರಜ್ಞ, ವಾಯು ಸಂಚಾರ ನಿಯಂತ್ರಕ, ಹವಾಮಾನ ತಜ್ಞ: ಇವರಲ್ಲಿ ಒಬ್ಬರ ಕೆಲಸದ ಕುರಿತು ಮಾಹಿತಿ ಸಂಗ್ರಹಿಸಿ ಟಿಪ್ಪಣಿ ತಯಾರಿಸಿರಿ.